ಮೇಷ್ಟ್ರ ದೂರು, ಯಾರ್ಕ್‌ಶೈರ್ ಪುಡಿಂಗ್ ಮತ್ತು ಸ್ಟೋಕ್ ಊರಿನ ದೋಸೆ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಮಗಳು ಲೀಡ್ಸ್‌ನಲ್ಲಿದ್ದಾಳೆ. ಹೋದ ವರ್ಷ ಮೂರು ತಿಂಗಳು ಇದ್ದು ಬಂದೆ. ನಮ್ಮಲ್ಲಿ ಜಿಲ್ಲೆ ದಾಟಿದರೆ ಸಾರಿನ ರುಚಿ ಬದಲಾಗುತ್ತದೆ. ಅಲ್ಲಿ ಎಲ್ಲಿ ಹೋದರೂ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಬಟಾಣಿ. ಪುಡಿಂಗ್ ಅಂತ ಆಸೆಪಟ್ಟು ತರಿಸಿದರೆ ಸಕ್ಕರೆಯೇ ಇಲ್ಲದ, ಗಾಳಿ ತುಂಬಿದ ಪೂರಿ ಬಂತು. ರುಚಿಯಾದದ್ದು ಏನಿದ್ದರೂ ನಮ್ಮಿಂದ ಹೋದದ್ದೇ. ಇಂಗ್ಲಿಷರಿಗೆ ತಮ್ಮದು ಅಂತ ಒಂದು ಅಡುಗೆ ಇದೆಯೇ? ಈ ನವೆಂಬರಿನಲ್ಲಿ ಮತ್ತೆ ಹೋಗಬೇಕು. ಮೊಟ್ಟೆ ಆಗುತ್ತದೆ, ಮಾಂಸ ಮೀನು ಆಗದು. ಏನು ತಿನ್ನಲಿ? ಇನ್ನೊಂದು ಮಾತು. ಹೋದ ಸಂಚಿಕೆಯಲ್ಲಿ ಹ್ಯಾಗಿಸ್ ಎಂಬ ಮಾಂಸದ ಖಾದ್ಯ ಇಂಗ್ಲೆಂಡಿನದು ಅಂತ ಹಾಕಿದ್ದೀರಿ. ಮಗಳು ನಕ್ಕಳು.’

ಮೇಷ್ಟ್ರೇ, ಕೊನೆಯದರಿಂದಲೇ ಶುರು ಮಾಡುತ್ತೇನೆ. ತಪ್ಪು ನಮ್ಮದು. ಹ್ಯಾಗಿಸ್ ಸ್ಕಾಟ್ಲೆಂಡಿನದು. ಪುಟ ಕಟ್ಟುವ ಅವಸರದಲ್ಲಿ ಚಿತ್ರದ ಕೆಳಗಿನ ಸಾಲನ್ನು ಯಾರೂ ನೋಡಲಿಲ್ಲ. ಯಾರೂ ಅಂದರೆ ನಾನು. ಮಗಳಿಗೆ ತಿಳಿಸಿ.

ಈಗ ಆ ಪೂರಿಯ ವಿಷಯ. ನಿಮಗೆ ಬಂದದ್ದು ಯಾರ್ಕ್‌ಶೈರ್ ಪುಡಿಂಗ್, ಲೀಡ್ಸ್ ಇರುವ ಸೀಮೆಯ ಹೆಸರೇ ಅದಕ್ಕೆ. ಮೈದಾ, ಮೊಟ್ಟೆ, ಹಾಲು ಕಲಸಿ ತೆಳ್ಳಗೆ ಹಿಟ್ಟು ಮಾಡುತ್ತಾರೆ. ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಅದನ್ನು ಹುಯ್ದು ಒಲೆಯೊಳಗಿಟ್ಟರೆ ಉಬ್ಬುತ್ತದೆ. ಹಿಂದೆ ಬೆಂಕಿಯ ಮುಂದೆ ಮಾಂಸ ಸುಡುವಾಗ ಅದರ ಕೆಳಗೆ ಈ ಹಿಟ್ಟಿನ ತಟ್ಟೆ ಇಡುತ್ತಿದ್ದರು. ತೊಟ್ಟಿಕ್ಕುವ ಕೊಬ್ಬೂ ವ್ಯರ್ಥವಾಗಬಾರದು ನೋಡಿ. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ತನ್ನ ಅಡುಗೆ ಪುಸ್ತಕದಲ್ಲಿ ಇದನ್ನು ಯಾರ್ಕ್‌ಶೈರ್ ಪುಡಿಂಗ್ ಅಂತಲೇ ಬರೆದಳು. ಯಾರ್ಕ್‌ಶೈರಿನ ಹಳೆ ಮನೆಗಳಲ್ಲಿ ಮಾಂಸಕ್ಕೆ ಮುಂಚೆ ಇದನ್ನು ಗ್ರೇವಿ ಹಾಕಿ ಬಡಿಸುತ್ತಿದ್ದರು. ಇದರಲ್ಲೇ ಅರ್ಧ ಹೊಟ್ಟೆ ತುಂಬಿದರೆ ಮಾಂಸ ಎಲ್ಲರಿಗೂ ಸಾಲುತ್ತದೆ. ಮಕ್ಕಳು ಜಾಸ್ತಿ, ದುಡ್ಡು ಕಡಿಮೆ ಇದ್ದ ಮನೆಯ ಲೆಕ್ಕಾಚಾರ ಇದು. ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಪುಡಿಂಗ್ ಅಂದರೆ ಸಿಹಿ ಅಂತ ಅಲ್ಲಿ ನಂಬುವಂತಿಲ್ಲ. ಬ್ಲ್ಯಾಕ್ ಪುಡಿಂಗ್ ಅಂತ ಬರೆದಿದ್ದರೆ ಆ ಕಡೆ ತಿರುಗಲೂ ಬೇಡಿ. ಅದು ಹಂದಿಯ ರಕ್ತ ಹಾಕಿ ಮಾಡುವ ಸಾಸೇಜು. ನೀವು ತಿಂದ ಯಾರ್ಕ್‌ಶೈರ್ ಪುಡಿಂಗನ್ನು ಯಾವುದರಲ್ಲಿ ಬೇಯಿಸಿದ್ದರು ಅಂತ ಕೇಳಿದ್ದಿರಾ? ಸಂಪ್ರದಾಯದ ಪ್ರಕಾರ ದನದ ಕೊಬ್ಬು, ಡ್ರಿಪ್ಪಿಂಗ್ ಅನ್ನುತ್ತಾರೆ. ಈಗ ಎಷ್ಟೋ ಕಡೆ ಎಣ್ಣೆ ಬಳಸುತ್ತಾರೆ, ನಿಮ್ಮದೂ ಎಣ್ಣೆಯದ್ದೇ ಇರಬಹುದು. ಆದದ್ದಕ್ಕೆ ಕೊರಗುವುದು ಬೇಡ, ಮುಂದಿನ ಸಲ ಕೇಳಿ. ಚಿಪ್ಸ್ ಅಂಗಡಿಯಲ್ಲೂ ಕೇಳಿ. ಯಾರ್ಕ್‌ಶೈರಿನಲ್ಲಿ ಆಲೂಗಡ್ಡೆಯನ್ನು ಡ್ರಿಪ್ಪಿಂಗ್‌ನಲ್ಲೇ ಕರಿಯುವ ಅಂಗಡಿಗಳು ಇಂದಿಗೂ ಇವೆ, ಅದೇ ಅವರ ಹೆಮ್ಮೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಜಿಲ್ಲೆ ದಾಟಿದರೆ ರುಚಿ ಬದಲಾಗುವುದು ಅಲ್ಲೂ ಉಂಟು ಮೇಷ್ಟ್ರೇ. ನೀವು ನೋಡಿದ್ದು ಹೋಟೆಲಿನ ಇಂಗ್ಲೆಂಡು. ಹೆದ್ದಾರಿ ಪಕ್ಕದ ಹೋಟೆಲಿನ ನಾರ್ತ್ ಇಂಡಿಯನ್ ಥಾಲಿ ತಿಂದು ಹಾಸನದಲ್ಲಿ ಅಡುಗೆಯೇ ಇಲ್ಲ ಅಂದರೆ ನೀವು ಒಪ್ಪುತ್ತೀರಾ?

ನಾನು ನೋಡಿದ ಒಂದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಆರು ಊರು ಸೇರಿ ಆದ ನಗರ ಅದು. ಪಿಂಗಾಣಿ ಕಾರ್ಖಾನೆಗಳ ಸೀಮೆ, ವೆಜ್‌ವುಡ್ ಕಪ್ಪು ಬಸಿ ಹುಟ್ಟಿದ್ದು ಅಲ್ಲೇ. ಭಾನುವಾರ ಬೆಳಗ್ಗೆ ತಮ್ಮ ‘ಬಾ, ದೋಸೆ ತರೋಣ’ ಅಂದ. ತಮಾಷೆ ಅಂದುಕೊಂಡೆ. ಬೀದಿ ಮೂಲೆಯ ಪುಟ್ಟ ಅಂಗಡಿ, ಹೊರಗೆ ಏಳೆಂಟು ಜನ ಚಳಿಯಲ್ಲಿ ಸಾಲುಗಟ್ಟಿದ್ದರು. ಒಳಗೆ ಉದ್ದನೆಯ ಕಾವಲಿ. ಒಬ್ಬ ಜಗ್ಗಿನಿಂದ ಹಿಟ್ಟು ಹುಯ್ಯುತ್ತಾ ಹೋಗುತ್ತಾನೆ, ಕೊನೆಯದು ಹುಯ್ಯುವಷ್ಟರಲ್ಲಿ ಮೊದಲನೆಯದು ಮಗುಚಲು ಬಂದಿರುತ್ತದೆ. ಮೇಲೆಲ್ಲ ಸಣ್ಣ ಸಣ್ಣ ತೂತು, ನಮ್ಮ ಸೆಟ್ ದೋಸೆಗೆ ಬೀಳುತ್ತದಲ್ಲ, ಥೇಟ್ ಹಾಗೇ. ಬಣ್ಣ ಮಾತ್ರ ಕಂದು.

ಅವರು ಅದನ್ನು ಓಟ್‌ಕೇಕ್ ಅನ್ನುತ್ತಾರೆ. ಓಟ್ಸ್ ಹಿಟ್ಟು, ಗೋಧಿ ಹಿಟ್ಟು, ಈಸ್ಟು, ಉಪ್ಪು, ನೀರು. ಕಲಸಿ ಗುಳ್ಳೆ ಬರುವವರೆಗೆ ಬಿಡುವುದು, ಆಮೇಲೆ ಹುಯ್ಯುವುದು. ಡಜನ್ ಲೆಕ್ಕದಲ್ಲಿ ಮನೆಗೆ ಒಯ್ಯುತ್ತಾರೆ. ಒಳಗೆ ಚೀಸ್ ತುರಿದು ಮಡಚಿ ಬಿಸಿ ಮಾಡುತ್ತಾರೆ. ಹೆಚ್ಚಿನವರು ಬೇಕನ್ ಎಂಬ ಹಂದಿಮಾಂಸವನ್ನೂ ಸೇರಿಸುತ್ತಾರೆ, ನಾವು ಬರೀ ಚೀಸ್ ಹೇಳಿದೆವು. ಕೊಡುವಾಕೆ ನನ್ನನ್ನು ‘ಡಕ್’ ಅಂತ ಕರೆದಳು. ಬಾತುಕೋಳಿ! ತಮ್ಮ ನಕ್ಕ. ಆ ಊರಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ, ನಮ್ಮಲ್ಲಿ ‘ಮರಿ’ ಅಂದ ಹಾಗೆ. ಐವತ್ತು ದಾಟಿದ ನನಗೆ ಯಾರೋ ಮರಿ ಅಂದರೆ ಬೇಜಾರೇನೂ ಆಗಲಿಲ್ಲ.

ರುಚಿ? ದೋಸೆಯ ಹುಳಿ ಇಲ್ಲ, ಗರಿಯೂ ಇಲ್ಲ. ಮೆತ್ತಗೆ, ಸ್ವಲ್ಪ ಉಪ್ಪು, ಸುಟ್ಟ ಧಾನ್ಯದ ವಾಸನೆ. ಚಟ್ನಿ ಬೇಕಿತ್ತು ಅನ್ನಿಸಿದ್ದು ನಿಜ. ಆದರೆ ಎರಡನೆಯದನ್ನೂ ತಿಂದೆ. ಹಿಂದೆ ಮನೆಯ ಮುಂಕೋಣೆಯಲ್ಲೇ ಕಾವಲಿ ಇಟ್ಟುಕೊಂಡು ಕಿಟಕಿಯಿಂದಲೇ ಮಾರುತ್ತಿದ್ದರು. ಹ್ಯಾನ್ಲಿ ಎಂಬಲ್ಲಿ ಅಂಥ ಕೊನೆಯ ಕಿಟಕಿ ಅಂಗಡಿ 2012ರಲ್ಲಿ ಮುಚ್ಚಿತು.

ಇಂಡಿಯಾದಿಂದ ವಾಪಸಾದ ಸಿಪಾಯಿಗಳು ಚಪಾತಿ ನೆನಪಿಸಿಕೊಂಡು ಇದನ್ನು ಮಾಡಿದರು ಅಂತ ಅಲ್ಲೊಂದು ಕಥೆ ಇದೆ. ಕೇಳಲು ಖುಷಿಯಾಗುತ್ತದೆ, ನಂಬಲು ಮನಸ್ಸು ಬರುವುದಿಲ್ಲ. ಸ್ಟಾಫರ್ಡ್‌ಶೈರಿನ ಆ ಗುಡ್ಡಸೀಮೆ ಥಂಡಿ, ಸದಾ ತೇವ. ಗೋಧಿ ಸರಿಯಾಗಿ ಬರದು, ಓಟ್ಸ್ ಬರುತ್ತದೆ. ಬೆಳೆದದ್ದನ್ನು ಬೀಸಿ, ಕಲಸಿ, ಕಲ್ಲಿನ ಮೇಲೆ ಹುಯ್ದರು. ಅದಕ್ಕೆ ಸಿಪಾಯಿ ಯಾಕೆ ಬೇಕು? ನಿಮ್ಮ ಕಡೆ ರಾಗಿ, ಉತ್ತರದ ಕಪ್ಪು ಮಣ್ಣಿಗೆ ಜೋಳ ಅಂತ ಆದದ್ದೂ ಹೀಗೇ ಅಲ್ವಾ?

ಈ ಲೆಕ್ಕ ಹಿಡಿದರೆ ಇಂಗ್ಲೆಂಡಿನ ಅಡುಗೆ ಬಿಡಿಸಿಕೊಳ್ಳುತ್ತದೆ. ಕಾರ್ನ್‌ವಾಲ್‌ನಲ್ಲಿ ತವರದ ಗಣಿ ಇತ್ತು. ಗಣಿಗೆ ಕೈಯಲ್ಲಿ ಹಿಡಿದು ತಿನ್ನುವ ಬುತ್ತಿ ಬೇಕು, ಅದಕ್ಕೆ ಪೇಸ್ಟಿ. ಅಂಗೈಗಿಂತ ದೊಡ್ಡ ಕರ್ಜಿಕಾಯಿ ಅಂದುಕೊಳ್ಳಿ. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಜಾತಿಯ ಒಂದು ಗಡ್ಡೆ, ಎಲ್ಲ ಹಸಿಯಾಗಿಯೇ ತುಂಬಿ ಬೇಯಿಸುವುದು. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಇದ್ದ ಹಾಗೆ ಅದರ ಹೆಸರಿಗೂ 2011ರಲ್ಲಿ ಯುರೋಪಿನ ರಕ್ಷಣೆ ಸಿಕ್ಕಿತು. ಅಂಚು ಪಕ್ಕದಲ್ಲಿ ಮಡಚಿರಬೇಕು, ನೆತ್ತಿಯ ಮೇಲೆ ಮಡಚಿದರೆ ಅದು ಕಾರ್ನಿಷ್ ಅಲ್ಲ! ಲ್ಯಾಂಕಾಶೈರಿನ ಹಾಟ್‌ಪಾಟ್, ಕುರಿಮಾಂಸದ ಮೇಲೆ ಆಲೂಗಡ್ಡೆ ಬಿಲ್ಲೆ ಹೊದಿಸಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಿಟ್ಟದ್ದು, ಹತ್ತಿ ಗಿರಣಿಯ ಜನರ ಊಟ. ಸ್ಟಿಲ್ಟನ್ ಚೀಸಿನದು ಇನ್ನೊಂದು ಕಥೆ. ಕಾನೂನಿನ ಪ್ರಕಾರ ಅದನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಲ್ಲಿ ಮಾತ್ರ ಮಾಡಬಹುದು. ಸ್ಟಿಲ್ಟನ್ ಹಳ್ಳಿ ಇರುವುದು ಕೇಂಬ್ರಿಡ್ಜ್‌ಶೈರಿನಲ್ಲಿ. ಮೈಸೂರಿನಲ್ಲಿ ಮೈಸೂರು ಪಾಕು ಮಾಡುವಂತಿಲ್ಲ ಅಂದ ಹಾಗಾಯಿತು.

ಹಾಗಾದರೆ ಈ ರುಚಿಗಳೆಲ್ಲ ಎಲ್ಲಿ ಅಡಗಿದವು? ಒಂದು ಕಾರಣ ಗಿರಣಿಗಳೇ. 1851ರ ಜನಗಣತಿಯ ಹೊತ್ತಿಗೆ ಬ್ರಿಟನ್ನಿನ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣ ಸೇರಿದ್ದರು. ಹಿತ್ತಿಲು, ಹಸು, ಅಜ್ಜಿ ಎಲ್ಲ ಊರಲ್ಲೇ ಉಳಿದವು. ಇನ್ನೊಂದು ರೇಷನ್. 1940ರ ಜನವರಿಯಲ್ಲಿ ಶುರುವಾದದ್ದು ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಎಷ್ಟೋ ಕಾಲ ಒಬ್ಬರಿಗೆ ವಾರಕ್ಕೆ ಒಂದು ಮೊಟ್ಟೆ, 57 ಗ್ರಾಂ ಬೆಣ್ಣೆ. ಚೀಸಿನ ಹಾಲು ಬಹುಪಾಲು ಒಂದೇ ಥರದ ಸರ್ಕಾರಿ ಚೀಸಿಗೆ ಹೋಯಿತು, ಊರೂರ ಚೀಸು ಮಾಡುವವರು ಕೈಬಿಟ್ಟರು. ಯುದ್ಧದಲ್ಲಿ ಇಲ್ಲದ ಬ್ರೆಡ್ ರೇಷನ್ ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂತು. ಹದಿನಾಲ್ಕು ವರ್ಷ ಅಂದರೆ ಒಬ್ಬ ಹುಡುಗಿ ಅಡುಗೆ ಕಲಿಯುವ ವಯಸ್ಸು ಪೂರ್ತಿ. ಅಷ್ಟು ದಿನ ಮನೆಯಲ್ಲಿ ಬೆಣ್ಣೆಯೇ ಇಲ್ಲದಿದ್ದರೆ ಅಮ್ಮ ಏನು ಕಲಿಸಿಯಾಳು?

ನಮ್ಮಿಂದ ಹೋದದ್ದರ ಬಗ್ಗೆ ಅರ್ಧ ಒಪ್ಪುತ್ತೇನೆ. ಕೆಡ್ಜರಿ ನಮ್ಮ ಖಿಚಡಿಯೇ, ಹೊಗೆ ಹಾಕಿದ ಮೀನು ಸೇರಿ ಕೆಟ್ಟಿದೆ. ಮುಲ್ಲಿಗಟಾನಿ ಅಂದರೆ ತಮಿಳಿನ ಮಿಳಗುತಣ್ಣಿ, ಮೆಣಸಿನ ಸಾರು. ಆ ಹ್ಯಾನಾ ಗ್ಲಾಸ್ 1747ರಲ್ಲೇ ‘ಇಂಡಿಯಾ ರೀತಿಯ ಕರಿ’ ಮಾಡುವುದನ್ನೂ ಬರೆದಿದ್ದಾಳೆ. ಆದರೆ ಓಟ್‌ಕೇಕಿಗೂ ಹಾಟ್‌ಪಾಟಿಗೂ ನಾವು ಏನೂ ಕೊಟ್ಟಿಲ್ಲ, ಸುಮ್ನೆ ಹಕ್ಕು ಸಾಧಿಸುವುದು ಬೇಡ.

ನಿಮಗೆ ಏನು ತಿನ್ನಲಿ ಅಂತ. ನವೆಂಬರ್ 5ರ ಬಾನ್‌ಫೈರ್ ಹಬ್ಬಕ್ಕೆ ಮುಂಚೆ ಲೀಡ್ಸ್ ತಲುಪಿದರೆ ಪಾರ್ಕಿನ್ ಸಿಗುತ್ತದೆ. ಓಟ್ಸ್, ಶುಂಠಿ, ಕಾಕಂಬಿಯ ಕೇಕು. ಮಾಡಿದ ದಿನ ತಿನ್ನಬಾರದು, ನಾಲ್ಕು ದಿನ ಡಬ್ಬಿಯಲ್ಲಿಟ್ಟರೆ ಅಂಟಂಟಾಗಿ ರುಚಿ ಕಟ್ಟುತ್ತದೆ. ಹಂದಿಕೊಬ್ಬು ಹಾಕುವವರೂ ಇದ್ದಾರೆ, ಬೆಣ್ಣೆಯದ್ದು ಕೇಳಿ. ಕ್ರಿಸ್‌ಮಸ್‌ಗೆ ಯಾರ್ಕ್‌ಶೈರಿನವರು ಹಣ್ಣಿನ ಕೇಕಿನ ಜೊತೆ ವೆನ್ಸ್‌ಲಿಡೇಲ್ ಚೀಸು ತಿನ್ನುತ್ತಾರೆ. ವಿಚಿತ್ರ ಅನ್ನಿಸಿದರೂ ತಿಂದು ನೋಡಿ. ಕ್ರಿಸ್‌ಮಸ್ ಪುಡಿಂಗಿನಲ್ಲಿ ಸೂಯೆಟ್ ಅಂತ ದನದ ಕೊಬ್ಬು ಇರುತ್ತದೆ, ಸಸ್ಯಾಹಾರದ್ದೂ ಸಿಗುತ್ತದೆ. ವೂಸ್ಟರ್ ಸಾಸಿನಲ್ಲಿ ಹುಣಸೆಹಣ್ಣಿದೆ ಅಂತ ಹತ್ತಿರ ಹೋಗಬೇಡಿ, ಮೀನೂ ಇದೆ. ನ್ಯೂಕಾಸಲ್ ಕಡೆ ಹೋದರೆ ಪೀಸ್ ಪುಡಿಂಗ್, ಬಟಾಣಿ ಬೇಳೆಯ ಗಟ್ಟಿ ತೊವ್ವೆ. ಹಂದಿಮಾಂಸ ಬೇಯಿಸಿದ ನೀರಲ್ಲಿ ಬೇಯಿಸುವುದು ರೂಢಿ, ಹಾಗಾಗಿ ಮಗಳೇ ಮನೆಯಲ್ಲಿ ಮಾಡಲಿ.

ಫೆಬ್ರುವರಿವರೆಗೆ ಇರುವುದಾದರೆ ರೂಬಾರ್ಬ್ ಎಂಬ ಹುಳಿ ದಂಟು ಬಿಡಬೇಡಿ. ಲೀಡ್ಸ್ ಪಕ್ಕದ ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಈ ಮೂರು ಊರಿನ ನಡುವೆ ಅದನ್ನು ಕತ್ತಲ ಕೊಟ್ಟಿಗೆಯಲ್ಲಿ ಬೆಳೆಯುತ್ತಾರೆ. ಗಿಡ ಎರಡು ವರ್ಷ ಹೊಲದಲ್ಲಿರುತ್ತದೆ. ಹಿಮ ಬಿದ್ದ ಮೇಲೆ ಬೇರು ಸಮೇತ ಕಿತ್ತು ಒಳಗೆ ತಂದು ಶಾಖ ಕೊಡುತ್ತಾರೆ. ಬೆಳಕು ಕಾಣದೆ ಗುಲಾಬಿ ಬಣ್ಣದ ಎಳೆ ದಂಟು ಬರುತ್ತದೆ. ಕೊಯ್ಯುವುದೂ ಮೇಣದ ಬತ್ತಿ ಬೆಳಕಿನಲ್ಲಿ. ಹಿಂದೆ ಗೊಬ್ಬರಕ್ಕೆ ಯಾರ್ಕ್‌ಶೈರಿನ ಉಣ್ಣೆ ಗಿರಣಿಯ ಕಸವನ್ನೇ ಹಾಕುತ್ತಿದ್ದರು. ಅವರು ಸಕ್ಕರೆ ಹಾಕಿ ಬೇಯಿಸಿ ಮೇಲೆ ಹಿಟ್ಟು ಬೆಣ್ಣೆ ಉದುರಿಸಿ ಕ್ರಂಬಲ್ ಮಾಡುತ್ತಾರೆ. ಸ್ಟೋಕ್‌ನಲ್ಲಿ ನನ್ನ ತಮ್ಮನ ಹೆಂಡತಿ ಗೊಜ್ಜು ಮಾಡಿದ್ದಳು, ಹುಣಸೆಹಣ್ಣೇ ಬೇಕಾಗಲಿಲ್ಲ. ಬೆಲ್ಲ ಮಾತ್ರ ಸ್ವಲ್ಪ ಮುಂದು. ದಂಟಷ್ಟೇ ಬಳಸಲು ಹೇಳಿ, ಎಲೆ ವಿಷ.

— ಸಂ.