ಗುಳ್ಳೆ ಎಣಿಸುವುದನ್ನು ಬಿಡಿ

ಪತ್ರ: ನಮ್ಮ ಎರಡೂವರೆ ವರ್ಷದ ಮಗನಿಗೆ ಪ್ಲೇಹೋಮ್‌ನಲ್ಲಿ ಕೈ-ಕಾಲು-ಬಾಯಿ ರೋಗ ಅಂಟಿತ್ತು. ಮೈತುಂಬ ಗುಳ್ಳೆ. ವಾರದಲ್ಲಿ ವಾಸಿಯಾಯಿತು. ಆದರೆ ಇದು ಮಿದುಳಿಗೆ ಏರಿ ಮಕ್ಕಳು ಸಾಯುತ್ತಾರೆ ಎಂದು ವಾಟ್ಸಾಪ್‌ನಲ್ಲಿ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಆರು ತಿಂಗಳ ಮಗಳೂ ಇದ್ದಾಳೆ. ಯಾವ ಮಕ್ಕಳಿಗೆ ಅಪಾಯ ಜಾಸ್ತಿ? ದನಗಳ ಕಾಲುಬಾಯಿ ಜ್ವರವೇ ಇದಾ? ಗುಳ್ಳೆ ಬೇಗ ಒಣಗಲಿ ಎಂದು ನಮ್ಮ ಅತ್ತಿಗೆ, ಅವರ ಮಗನ ಉಬ್ಬಸಕ್ಕೆ ತಂದಿದ್ದ ಸ್ಟೀರಾಯ್ಡ್ ಸಿರಪ್ ಕೊಡಲು ಹೇಳಿದ್ದರು. ನಾನು ಕೊಡಲಿಲ್ಲ. ಸರಿ ತಾನೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನೂರಕ್ಕೆ ನೂರು ಸರಿ. ಅತ್ತಿಗೆಯವರಿಗೆ ಬೇಜಾರಾಗಿದ್ದರೂ ಪರವಾಗಿಲ್ಲ. 2012ರಲ್ಲಿ ಕಾಂಬೋಡಿಯಾದಲ್ಲಿ 50ಕ್ಕೂ ಹೆಚ್ಚು ಪುಟ್ಟ ಮಕ್ಕಳು ದಿಢೀರನೆ ತೀರಿಕೊಂಡರು. ಮೊದಲು ಕಾರಣವೇ ತಿಳಿಯಲಿಲ್ಲ. ಆಮೇಲೆ ಹೆಚ್ಚಿನವರಲ್ಲಿ ಎಂಟೆರೊವೈರಸ್ 71 ಸಿಕ್ಕಿತು. ಕೈ-ಕಾಲು-ಬಾಯಿ ರೋಗ ತರುವ ವೈರಸ್‌ಗಳಲ್ಲಿ ಇದೂ ಒಂದು. ಆ ಮಕ್ಕಳಲ್ಲಿ ಅನೇಕರಿಗೆ ಸ್ಟೀರಾಯ್ಡ್ ಕೊಡಲಾಗಿತ್ತು. ಈ ವೈರಸ್ ಇದ್ದಾಗ ಸ್ಟೀರಾಯ್ಡ್ ರೋಗವನ್ನು ಬಿಗಡಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಎಚ್ಚರಿಸಿತು. ಚೀನಾದ ಅಧ್ಯಯನಗಳೂ ಇದನ್ನೇ ಹೇಳಿದವು. ಉಬ್ಬಸದ ಮಗುವಿಗೆ ವೈದ್ಯರು ಬರೆದುಕೊಟ್ಟಿದ್ದರೆ ಆ ಮಾತು ಬೇರೆ. ಒಬ್ಬರಿಗೆ ತಂದ ಬಾಟಲಿಯನ್ನು ಇನ್ನೊಬ್ಬರಿಗೆ ಬಗ್ಗಿಸುವುದು ಮಾತ್ರ ಬೇಡವೇ ಬೇಡ.

ಈಗ ನಿದ್ದೆಗೆಡಿಸಿದ ಪ್ರಶ್ನೆ. ವಾಟ್ಸಾಪ್‌ನಲ್ಲಿ ಬಂದದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಚೀನಾದಲ್ಲಿ 2008ರಿಂದ 2012ರವರೆಗೆ ಸುಮಾರು 72 ಲಕ್ಷ ಪ್ರಕರಣಗಳು ದಾಖಲಾದವು. ಸತ್ತವರು 2,457. ಅಂದರೆ ಹತ್ತು ಸಾವಿರ ಮಕ್ಕಳಲ್ಲಿ ಮೂವರೋ ನಾಲ್ವರೋ. ಸಾವುಗಳಲ್ಲಿ ಪರೀಕ್ಷೆಗೆ ಸಿಕ್ಕಿದ ಬಹುಪಾಲಿಗೆ ಕಾರಣ ಅದೇ ಎಂಟೆರೊವೈರಸ್ 71. ಎಲ್ಲಕ್ಕಿಂತ ದೊಡ್ಡ ಅಪಾಯ ಮಗುವಿನಲ್ಲಿ ಇಲ್ಲ, ಯಾವ ವೈರಸ್ ಬಂದಿದೆ ಎಂಬುದರಲ್ಲಿದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಇದೇ ರೋಗ ತರುವ ಬೇರೆ ವೈರಸ್‌ಗಳಾದ ಕಾಕ್ಸಾಕಿ ಎ16 ಮತ್ತು ಎ6. 2022ರಲ್ಲಿ ಕೇರಳದ ಕೊಲ್ಲಂನಿಂದ ಸುದ್ದಿಯಾದ ‘ಟೊಮೆಟೊ ಜ್ವರ’ ನೆನಪಿದೆಯಲ್ವಾ? ಕೇರಳಕ್ಕೆ ಹೋಗಿ ಬ್ರಿಟನ್ನಿಗೆ ಮರಳಿದ ಮಕ್ಕಳಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಎ16. ಹೆಸರು ಕೇಳಿ ಊರೆಲ್ಲ ಹೆದರಿತ್ತು, ಆದರೆ ಕಾಯಿಲೆ ಇದೇ.

ಎ6 ಬಂದರೆ ಗುಳ್ಳೆಗಳು ದೊಡ್ಡವು, ನೋಡಲು ಭಯವಾಗುತ್ತದೆ. ವಾಸಿಯಾಗಿ ತಿಂಗಳು ಕಳೆದ ಮೇಲೆ ಉಗುರು ಕಳಚಿ ಬರುವುದೂ ಉಂಟು. ನಿಮ್ಮ ಮಗನಿಗೆ ಹಾಗಾದರೆ ಗಾಬರಿ ಬೇಡ, ಹೊಸ ಉಗುರು ಬರುತ್ತದೆ.

ಗುಳ್ಳೆ ಜಾಸ್ತಿ ಇದ್ದರೆ ರೋಗ ಜೋರು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಸಿಂಗಪುರದಲ್ಲಿ ತೀರಿಕೊಂಡ ಮಕ್ಕಳನ್ನು ಬದುಕುಳಿದವರ ಜೊತೆ ಹೋಲಿಸಿ ನೋಡಿದರು. ತೀರಿಕೊಂಡವರಲ್ಲಿ ಬಾಯಿಹುಣ್ಣು ಕಾಣದಿದ್ದದ್ದೇ ಜಾಸ್ತಿ, ವಾಂತಿಯೂ ಜಾಸ್ತಿ. ಮಲೇಷ್ಯಾದ ಸರವಾಕ್‌ನ ವೈದ್ಯರು ಗುರುತಿಸಿದ್ದು ಮೂರು ಸುಳಿವು: ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು (ನಮ್ಮ ಥರ್ಮಾಮೀಟರಿನಲ್ಲಿ ಸುಮಾರು 101), ಮೂರು ದಿನವಾದರೂ ಬಿಡದಿರುವುದು, ಮಗು ಮಂಕಾಗುವುದು. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಮಗು ಆಗಷ್ಟೇ ನಿದ್ದೆಗೆ ಜಾರುತ್ತದೆ, ಕೈಕಾಲು ಝಾಡಿಸಿ ಬೆಚ್ಚುತ್ತದೆ, ಮತ್ತೆ ಜಾರುತ್ತದೆ, ಮತ್ತೆ ಬೆಚ್ಚುತ್ತದೆ. ಆರೋಗ್ಯವಾಗಿರುವ ಮಕ್ಕಳೂ ಆಗೊಮ್ಮೆ ಈಗೊಮ್ಮೆ ಬೆಚ್ಚುತ್ತಾರೆ, ನಿಜ. ಆದರೆ ಈ ಜ್ವರದಲ್ಲಿ ಪದೇ ಪದೇ ಹೀಗಾದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ವೈರಸ್ ಮಿದುಳಿನ ಬುಡವನ್ನು ಮುಟ್ಟಿರುವ ಸೂಚನೆ ಇರಬಹುದು. ಉಸಿರಾಟ, ಎದೆಬಡಿತವನ್ನು ನಡೆಸುವುದು ಆ ಭಾಗವೇ. ಅದು ಕೆಟ್ಟರೆ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹಾಗಾಗಿ ಬೆಚ್ಚುವುದರ ಜೊತೆಗೆ ನಡೆಯುವಾಗ ತೂರಾಡಿದರೆ, ಏದುಸಿರು ಬಂದರೆ, ಮೈ ತಣ್ಣಗಾಗಿ ಬೆವೆತರೆ, ಫಿಟ್ಸ್ ಬಂದರೆ ಮಧ್ಯರಾತ್ರಿಯಾದರೂ ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಗೇ ಹೊರಡಿ. ಕಾಯಿಲೆ ಶುರುವಾದ ಮೊದಲ ಐದು ದಿನ ಹೆಚ್ಚು ಕಣ್ಣಿಡಬೇಕು.

ವಯಸ್ಸಿನ ಲೆಕ್ಕದಲ್ಲಿ ಮೂರು ವರ್ಷದೊಳಗಿನವರಿಗೆ ಅಪಾಯ ಜಾಸ್ತಿ. ಹುಟ್ಟಿದ ಮೊದಲ ವಾರಗಳಲ್ಲಿ, ಹಾಗೂ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರುವ ಮಕ್ಕಳಲ್ಲಿ ಇನ್ನಷ್ಟು. ನಿಮ್ಮ ಮಗಳು ಚಿಕ್ಕವಳೇ, ಆದರೆ ನಿಮ್ಮ ಕೈಯಲ್ಲಿ ಮಾಡುವಂಥದ್ದೂ ಇದೆ. ಎದೆಹಾಲು ನಿಲ್ಲಿಸಬೇಡಿ. ಹಾಲು ಕುಡಿದು ಬೆಳೆದ ಮಕ್ಕಳಲ್ಲಿ ಕಾಯಿಲೆ ಜೋರಾಗುವುದು ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮಗನ ಮಲದಲ್ಲಿ ವೈರಸ್ ಇನ್ನೂ ಕೆಲವು ವಾರ ಇರುತ್ತದೆ, ಅವನು ಆಟಕ್ಕೆ ಬಿದ್ದಿದ್ದರೂ. ಅವನನ್ನು ತೊಳೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಮಗಳನ್ನು ಎತ್ತಿಕೊಳ್ಳಿ. ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ.

ನಮ್ಮಲ್ಲಿ ಮಕ್ಕಳು ಆಸ್ಪತ್ರೆ ಸೇರುವುದು ಹೆಚ್ಚಾಗಿ ಮಿದುಳಿನ ತೊಂದರೆಗಲ್ಲ, ಬಾಯಿ ಉರಿದು ಏನೂ ಕುಡಿಯದೆ ನೀರಿನಂಶ ಬತ್ತಿದ್ದಕ್ಕೆ. ತಣ್ಣನೆಯ ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವೇ ಕುಡಿಸಿ. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ವೈದ್ಯರಿಗೆ ತೋರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ತೂಕ ನೋಡಿ ಡೋಸ್ ಕೇಳಿಕೊಳ್ಳಿ. ಆಸ್ಪಿರಿನ್ ಬೇಡ. ಎಂಟೆರೊವೈರಸ್ 71ಕ್ಕೆ ಚೀನಾದಲ್ಲಿ 2016ರಿಂದ ಲಸಿಕೆ ಇದೆ, ಅದು ಕಾಕ್ಸಾಕಿಯನ್ನು ತಡೆಯುವುದಿಲ್ಲ, ನಮ್ಮ ಲಸಿಕೆ ಪಟ್ಟಿಯಲ್ಲೂ ಇಲ್ಲ.

ದನಗಳ ಕಾಲುಬಾಯಿ ಜ್ವರದ ವೈರಸ್ಸೇ ಬೇರೆ. ಅಲ್ಲಿಂದ ಮಕ್ಕಳಿಗೆ ಈ ರೋಗ ಬರುವುದಿಲ್ಲ, ಮಕ್ಕಳಿಂದ ದನಗಳಿಗೂ ಹೋಗುವುದಿಲ್ಲ. ಊರಿಗೆ ಹೋದಾಗ ಮಗನನ್ನು ಧಾರಾಳವಾಗಿ ಕೊಟ್ಟಿಗೆಗೆ ಕರೆದುಕೊಂಡು ಹೋಗಿ.