ಮೀನಿನ ಲೋಳೆ ಕೊಳೆಯಲ್ಲ: ಹಿರಿಯೂರಿನವರ ಪ್ರಶ್ನೆಗೆ ಉತ್ತರ

ಹಿರಿಯೂರಿನ ಅಣ್ಣನವರಿಗೆ ನಮಸ್ಕಾರ. ಮಾರಿಕಣಿವೆ ಹತ್ತಿರದ ನಿಮ್ಮ ಕೃಷಿ ಹೊಂಡದಲ್ಲಿ ರೋಹು, ಕಾಟ್ಲಾ ಮೀನುಗಳ ತೂಕ ನೋಡಲು ಬೀಸುಬಲೆ ಹಾಕಿಸಿದಿರಿ, ಮೀನು ಜಾರುತ್ತಿದ್ದುದರಿಂದ ಒಣ ಗೋಣಿಚೀಲದಲ್ಲಿ ಒತ್ತಿ ಹಿಡಿದು ಲೋಳೆ ಒರೆಸಿ ತೂಗಿದಿರಿ, ಮೂರನೆಯ ದಿನದಿಂದ ಕೆಲವು ಮೀನುಗಳ ಬೆನ್ನಿನ ಮೇಲೆ ಬಿಳಿ ಮಚ್ಚೆ ಎದ್ದು ಅವು ದಡದಲ್ಲೇ ಮಂಕಾಗಿ ನಿಂತಿವೆ ಎಂದು ಬರೆದಿದ್ದೀರಿ. ಲೋಳೆ ಮೀನಿನ ಮೈಯ ಕೊಳೆಯಲ್ಲವೇ, ಅದನ್ನು ಒರೆಸಿದರೆ ತಪ್ಪೇನು, ಮೀನಿಗೂ ನಮ್ಮ ಹಾಗೆ ಒಣ ಚರ್ಮ ಏಕಿಲ್ಲ ಎಂದೂ ಕೇಳಿದ್ದೀರಿ. ಈ ಕಡೆಯ ಪ್ರಶ್ನೆಯಲ್ಲೇ ನಿಮ್ಮ ಹೊಂಡದ ತೊಂದರೆಗೂ ಉತ್ತರವಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಇವತ್ತೇ ಮಾಡಬೇಕಾದ ಕೆಲಸ. ಮಚ್ಚೆ ಬಿದ್ದ ಮೀನುಗಳನ್ನು ಕೈಯಿಂದ ಹಿಡಿಯದೆ, ನೀರಿನ ಸಮೇತ ಬಕೆಟ್ಟಿನಲ್ಲಿ ಎತ್ತಿ, ಹೊಂಡದ್ದೇ ನೀರು ತುಂಬಿದ ತೊಟ್ಟಿಗೆ ಬಿಡಿ. ಲೀಟರಿಗೆ 3 ಗ್ರಾಂ, ಅಂದರೆ 1000 ಲೀಟರಿನ ತೊಟ್ಟಿಗೆ 3 ಕಿಲೋ ಹರಳುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೆರಡು ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಗಾಳಿಯ ಪಂಪು ಓಡುತ್ತಿರಲಿ, ಮೇಲೆ ನೆರಳಿರಲಿ, ತೌಡು ಮತ್ತು ಶೇಂಗಾ ಹಿಂಡಿಯನ್ನು ಎರಡು ದಿನ ನಿಲ್ಲಿಸಿ. ಅಂಗಡಿಯವರು ದಿನ ಬಿಟ್ಟು ದಿನ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಲು ಹೇಳಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅದು ರೋಗಾಣುಗಳನ್ನು ಸುಡುವಂತೆಯೇ ಮೀನಿನ ಮೈಮೇಲೆ ಉಳಿದಿರುವ ಲೋಳೆಯನ್ನೂ ಸುಡುತ್ತದೆ, ಮತ್ತು ಈಗ ಆ ಮೀನನ್ನು ಕಾಯುತ್ತಿರುವುದು ಆ ಲೋಳೆಯೇ.

ಏಕೆಂದು ಹೇಳುತ್ತೇನೆ. ನಮ್ಮ ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳದು. ಕೆಳಗಿನಿಂದ ಮೇಲಕ್ಕೆ ಬರುತ್ತಾ ಆ ಕೋಶಗಳು ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿಕೊಂಡು, ಒಣಗಿ, ಹೊಟ್ಟಿನಂತೆ ಉದುರುತ್ತವೆ. ಮೀನಿನಲ್ಲಿ ಹಾಗಿಲ್ಲ. ಅದರ ಮೇಲ್ಚರ್ಮದಲ್ಲಿ ನೀರಿಗೆ ತಾಗುವ ಕೊನೆಯ ಕೋಶವೂ ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ, ಮತ್ತು ಆ ಜೀವಂತ ಪದರಕ್ಕೆ ಹೊದಿಕೆಯಾಗಿ ಇರುವುದು ಲೋಳೆಯೊಂದೇ. ಒಣ ಗೋಣಿಯಿಂದ ಉಜ್ಜಿದಾಗ ಲೋಳೆಯ ಜೊತೆಗೆ ಜೀವಂತ ಕೋಶಗಳೂ ಕಿತ್ತು ಬರುತ್ತವೆ. ನಮ್ಮ ಲೆಕ್ಕದಲ್ಲಿ ಅದು ಸುಲಿದ ಗಾಯಕ್ಕೆ ಸಮ.

ಈ ವ್ಯವಸ್ಥೆ ಎಷ್ಟು ಹಳೆಯದು ಎಂಬುದು ದವಡೆಯಿಲ್ಲದ ಮೀನುಗಳನ್ನು ನೋಡಿದರೆ ತಿಳಿಯುತ್ತದೆ. ಹ್ಯಾಗ್‌ಮೀನು ಮತ್ತು ಲ್ಯಾಂಪ್ರೆ ಎಂಬ ಎರಡು ಗುಂಪುಗಳು ಇಂದಿಗೂ ಉಳಿದಿವೆ. ಎರಡಕ್ಕೂ ಹುರುಪೆಯಿಲ್ಲ, ಎರಡೂ ನಮ್ಮ ಕೆರೆಗಳಲ್ಲಿ ಸಿಗುವುದಿಲ್ಲ. ಅವುಗಳಿಗೂ ರೋಹುವಿಗೂ ನಮಗೂ ಸಮಾನರಾದ ಪೂರ್ವಜರು ಬದುಕಿದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ಆಶ್ಚರ್ಯವೆಂದರೆ, ನಮ್ಮ ಚರ್ಮದ ಕೋಶಗಳಲ್ಲಿರುವ ಎರಡು ಬಗೆಯ ಕೆರಾಟಿನ್‌ಗಳೂ ಲ್ಯಾಂಪ್ರೆಯಲ್ಲಿ ಆಗಲೇ ಇವೆ. ಅಂದರೆ ಆ ಪ್ರೋಟೀನು ಒಣ ಚರ್ಮಕ್ಕಾಗಿ ಹುಟ್ಟಿದ್ದಲ್ಲ. ಒದ್ದೆ ಚರ್ಮದ ಕೋಶಗಳಿಗೆ ಒಳಗಿನಿಂದ ಬಿಗಿ ಕೊಡುವ ನೂಲಾಗಿ ಅದು ಮೊದಲು ಬಳಕೆಗೆ ಬಂತು. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಕೆರಾಟಿನ್ ಜೀನುಗಳು ಮತ್ತೆ ಮತ್ತೆ ಇಮ್ಮಡಿಯಾಗಿ, ಲೋರಿಕ್ರಿನ್‌ನಂತಹ ಹೊಸ ಪ್ರೋಟೀನುಗಳೂ ಸೇರಿಕೊಂಡು, ಒಣ ಪದರ ರೂಪುಗೊಂಡದ್ದು ಬಹಳ ತಡವಾಗಿ. ನೀರಿನಲ್ಲಿರುವ ಮೀನಿಗೆ ಒಣಗುವ ಭಯವೇ ಇಲ್ಲವಾದ್ದರಿಂದ ಅಂಥ ಪದರದ ಅಗತ್ಯವೂ ಬೀಳಲಿಲ್ಲ.

ಹ್ಯಾಗ್‌ಮೀನಿನ ಕಥೆ ಇನ್ನೂ ವಿಶೇಷವಾದುದು. ಅದರ ಲೋಳೆಯಲ್ಲಿ ಎರಡು ಸಾಮಗ್ರಿಗಳಿವೆ: ನೀರನ್ನು ಹೀರಿ ಉಬ್ಬುವ ಮ್ಯೂಸಿನ್ ಒಂದು, ಕೆರಾಟಿನ್ ಕುಟುಂಬಕ್ಕೇ ಸೇರಿದ ಪ್ರೋಟೀನಿನ ದಾರ ಇನ್ನೊಂದು. ಒಂದು ಮಿಲಿಮೀಟರಿಗಿಂತ ಎಷ್ಟೋ ಚಿಕ್ಕದಾದ ಒಂದೇ ಕೋಶದೊಳಗೆ 10ರಿಂದ 15 ಸೆಂಟಿಮೀಟರ್ ಉದ್ದದ ದಾರವು ನೂಲಿನ ಉಂಡೆಯ ಹಾಗೆ ಒಪ್ಪವಾಗಿ ಸುತ್ತಿಕೊಂಡಿರುತ್ತದೆ. ದೊಡ್ಡ ಮೀನು ಬಾಯಿ ಹಾಕಿದ ಕೂಡಲೇ ಈ ಉಂಡೆಗಳು ಹೊರಬಿದ್ದು ಬಿಚ್ಚಿಕೊಂಡು, ಲೋಳೆಯ ಜೊತೆ ಬಲೆಯಾಗಿ ಹರಡಿ, ದಾಳಿ ಮಾಡಿದ ಮೀನಿನ ಕಿವಿರುಗಳನ್ನೇ ಕಟ್ಟಿಬಿಡುತ್ತವೆ. ಇಂಥ ದಾರದ ಕೋಶಗಳು ಅದರ ಸಾಮಾನ್ಯ ಮೇಲ್ಚರ್ಮದಲ್ಲೂ ಇದ್ದು, ಗಾಯವಾದಾಗ ಒಡೆಯುತ್ತವೆ; ಆದ್ದರಿಂದ ಲೋಳೆಯ ಗ್ರಂಥಿಗಳು ಚರ್ಮದಿಂದಲೇ ವಿಕಾಸಗೊಂಡವೆಂದು ಸಂಶೋಧಕರು ಹೇಳುತ್ತಾರೆ. ಒಂದೇ ಕುಟುಂಬದ ಪ್ರೋಟೀನು ಒಂದು ಕಡೆ ಚರ್ಮಕ್ಕೆ ಬಿಗಿ ಕೊಡುವ ನೂಲಾಗಿ, ಮತ್ತೊಂದು ಕಡೆ ಬಲೆಯ ದಾರವಾಗಿ ದುಡಿಯುವುದನ್ನು ಓದಿದಾಗ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಹುರುಪೆಯ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಮೀನುಗಳ ಹುರುಪೆಯೂ ಉದುರಿದೆ. ಉದುರಿದ ಒಂದು ರೋಹು ಹುರುಪೆಯನ್ನು ಬೆರಳ ಮೇಲೆ ಇಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿ. ಮರದ ಕಾಂಡದ ಸುತ್ತುಗಳಂತೆ ಸಣ್ಣ ಸಣ್ಣ ಬಳೆಗಳು ಕಾಣುತ್ತವೆ. ಅದನ್ನು ಬಾಗಿಸಿದರೆ ಮುರಿಯದೆ ಬಾಗುತ್ತದೆ. ಹುರುಪೆಯ ಒಡಲು ಕೊಲಾಜೆನ್ ಎಂಬ ಪ್ರೋಟೀನಿನ ಪದರಗಳದು. ಪ್ಲೈವುಡ್ಡಿನ ಹಾಳೆಗಳಂತೆ ಒಂದರ ಎಳೆ ಒಂದು ದಿಕ್ಕಿಗೆ, ಮುಂದಿನದರ ಎಳೆ ಇನ್ನೊಂದು ದಿಕ್ಕಿಗೆ ಜೋಡಿಸಿದಂತಿರುತ್ತದೆ. ಹುರುಪೆ ನಮ್ಮ ಉಗುರಿನಂತೆ ಮೇಲ್ಚರ್ಮದಿಂದ ಬೆಳೆದದ್ದಲ್ಲ, ಒಳಚರ್ಮದಿಂದ ಬೆಳೆದದ್ದು. ಹೊರಗೆ ಕಾಣುವ ಹುರುಪೆಯ ಮೇಲೂ ತೆಳುವಾದ ಜೀವಂತ ಮೇಲ್ಚರ್ಮ ಹೊದ್ದುಕೊಂಡಿರುತ್ತದೆ. ಆದ್ದರಿಂದ ಒಂದು ಹುರುಪೆ ಕಿತ್ತರೆ ಅದರ ಮೇಲಿನ ಚರ್ಮವೂ ಹರಿದಿದೆ ಎಂದೇ ತಿಳಿಯಬೇಕು.

ನನ್ನ ಅಕ್ವೇರಿಯಂನಲ್ಲಿರುವ ಸೆನೆಗಲ್ ಬಿಚಿರ್ ಬಹಳ ಪುರಾತನವಾದ ಮೀನಿನ ವಂಶದ್ದು. ಅದರ ಹುರುಪೆಗಳು ದಪ್ಪವಾಗಿ, ಗಟ್ಟಿಯಾಗಿ, ಒಂದಕ್ಕೊಂದು ಕೊಂಡಿ ಹಾಕಿದಂತೆ ಕೂಡಿಕೊಂಡಿವೆ. ಅವುಗಳ ಮೇಲ್ಪದರವಾದ ಗ್ಯಾನಾಯಿನ್ ನಮ್ಮ ಹಲ್ಲಿನ ಎನಾಮೆಲ್‌ನ ಸಂಬಂಧಿ. ಇದೇ ಬಗೆಯ ಹುರುಪೆಯ ಗಾರ್ ಮೀನಿನ ಜೀನೋಮ್, ಅಂದರೆ ಅದರ ಎಲ್ಲ ಜೀನುಗಳ ಪೂರ್ಣ ಪಟ್ಟಿ, 2016ರಲ್ಲಿ ಪ್ರಕಟವಾದಾಗ, ಎನಾಮೆಲ್ಲಿಗೂ ಮೂಳೆಗೂ ಸುಣ್ಣದಂಶ ಕೂಡಿಸುವ ಪ್ರೋಟೀನುಗಳ ಜೀನುಗಳು ಅದರಲ್ಲಿ ಹೇರಳವಾಗಿ ಸಿಕ್ಕಿದವು. 2014ರಲ್ಲಿ ಜೀನೋಮ್ ಪ್ರಕಟವಾದ ಎಲಿಫೆಂಟ್ ಶಾರ್ಕ್ ಎಂಬ ಮೆಲ್ಲೆಲುಬಿನ ಮೀನಿನಲ್ಲಿ ಆ ಜೀನುಗಳೇ ಇರಲಿಲ್ಲ. ಇಷ್ಟು ಗಟ್ಟಿ ಕವಚವಿರುವ ಮೀನಿಗೆ ಏನೂ ಆಗದೆಂದು ನಂಬಿ, ಮೂರು ವರ್ಷದ ಹಿಂದೆ ಮಾಗಿಯ ಚಳಿಯಲ್ಲಿ ತೊಟ್ಟಿ ತೊಳೆಯುವಾಗ ನಾನು ಅದನ್ನು ಒಣ ಟವೆಲ್ಲಿನಲ್ಲಿ ಹಿಡಿದು ಎತ್ತಿದೆ. ಎರಡೇ ದಿನಕ್ಕೆ ನನ್ನ ಬೆರಳು ಒತ್ತಿದ್ದ ನಾಲ್ಕು ಕಡೆಯೂ ಹತ್ತಿಯಂಥ ಬಿಳಿ ಬೂಸ್ಟು ಹಿಡಿಯಿತು. ಕವಚದ ಮೇಲೂ ಜೀವಂತ ಚರ್ಮವಿದೆ ಎಂಬುದು ನನಗೆ ಗೊತ್ತಾದದ್ದು ಆಗ. ಕೆನಡಾದ ಸಂಶೋಧಕರು ಇದೇ ಜಾತಿಯ ಮರಿಗಳನ್ನು ಎಂಟು ತಿಂಗಳು ನೆಲದ ಮೇಲೆ ಬೆಳೆಸಿ 2014ರಲ್ಲಿ ವರದಿ ಮಾಡಿದರು. ಶ್ವಾಸಕೋಶವಿರುವುದರಿಂದ ಉಸಿರಾಟಕ್ಕೆ ತೊಂದರೆಯಿರಲಿಲ್ಲ, ಆದರೆ ಮೈ ಒಣಗದಂತೆ ಮಂಜಿನ ಹಾಗೆ ನೀರು ಸಿಂಪಡಿಸುತ್ತಲೇ ಇರಬೇಕಾಯಿತು.

ಲೋಳೆ ಜಾರಿಕೆಗಾಗಿ ಮಾತ್ರ ಇರುವುದೆಂದು ತಿಳಿಯಬೇಡಿ. ಬ್ಯಾಕ್ಟೀರಿಯಾದ ಗೋಡೆಯನ್ನು ಕರಗಿಸುವ ಲೈಸೊಜೈಮ್, ರೋಗಾಣುಗಳನ್ನು ಕೊಲ್ಲುವ ಪೆಪ್ಟೈಡ್ ಎಂಬ ಸಣ್ಣ ಪ್ರೋಟೀನು ತುಣುಕುಗಳು, ಪ್ರತಿಕಾಯಗಳು ಎಲ್ಲವೂ ಅದರಲ್ಲಿವೆ. ರೋಹು, ಕಾಟ್ಲಾ ಸೇರಿರುವ ದೊಡ್ಡ ಗುಂಪಿನ ಮೀನುಗಳ ಮೇಲ್ಚರ್ಮದಲ್ಲಿ ಇನ್ನೊಂದು ಬಗೆಯ ಕೋಶಗಳಿದ್ದು, ಚರ್ಮ ಹರಿದಾಗ ಅವು ಒಡೆದು ಎಚ್ಚರಿಕೆಯ ವಾಸನೆಯನ್ನು ನೀರಿಗೆ ಬಿಡುತ್ತವೆ. ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ವಿವರಿಸಿದರು. ಒರಟಾಗಿ ಬಲೆ ಎಳೆದ ಮರುದಿನ ಉಳಿದ ಮೀನುಗಳು ಮೇವಿಗೆ ಬರಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

ಉಪ್ಪು ಹಾಕಲು ಹೇಳಿದ್ದೇಕೆಂದರೆ, ಮೀನಿನ ರಕ್ತದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿಗೆ ಸಮನಾದ ಲವಣವಿದೆ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲೂ ಅಷ್ಟಿರುವುದಿಲ್ಲ. ಚರ್ಮ ಹರಿದ ಕಡೆ ನೀರು ಒಳಕ್ಕೆ ನುಗ್ಗಿ ಲವಣ ಹೊರಗೆ ಸೋರುತ್ತದೆ. ನೀರಿನ ಉಪ್ಪನ್ನು ಸ್ವಲ್ಪ ಏರಿಸಿದರೆ ಆ ಸೋರಿಕೆ ತಗ್ಗಿ, ಮೀನಿನ ಶಕ್ತಿ ಗಾಯ ಮಾಯಲು ಉಳಿಯುತ್ತದೆ. ಮೀನಿನ ಮೇಲ್ಚರ್ಮದ ಕೋಶಗಳು ಬಹಳ ವೇಗವಾಗಿ ಸರಿದುಹೋಗಿ ಗಾಯವನ್ನು ಮುಚ್ಚುವಂಥವು. ಸಣ್ಣ ಗೀರಿಗೆ ಕೆಲವೇ ಗಂಟೆ ಸಾಕು. ಆದರೆ ಮಚ್ಚೆ ಕೆಂಪಾಗಿ, ಕುಳಿಬಿದ್ದು, ಮಾಂಸ ಕಾಣತೊಡಗಿದರೆ ಮನೆಮದ್ದಿಗೆ ಕಾಯಬೇಡಿ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣುರೋಗದ ಶಿಲೀಂಧ್ರದಂಥ ಜೀವಿ ಕೆಟ್ಟ ಚರ್ಮವನ್ನೇ ಹುಡುಕಿ ಹೊಗುತ್ತದೆ, ಚಳಿಗಾಲದಲ್ಲಿ ಅದರ ಕಾಟ ಹೆಚ್ಚು. ಅಂಥ ಮೀನೊಂದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತೋರಿಸಿ.

ಮುಂದಿನ ಸಲ ತೂಕ ನೋಡುವಾಗ ಬೀಸುಬಲೆಗಿಂತ ಗಂಟಿಲ್ಲದ ಮೆತ್ತನೆಯ ಎಳೆಬಲೆ ಒಳ್ಳೆಯದು, ಅದನ್ನೂ ಬೆಳಗಿನ ತಂಪಿನಲ್ಲಿ ಎಳೆಸಿ. ಮೀನನ್ನು ಒಂದೊಂದಾಗಿ ಹಿಡಿದು ತೂಗುವ ಬದಲು, ನೀರು ತುಂಬಿದ ಬಕೆಟ್ಟನ್ನು ಮೊದಲು ತೂಗಿ, ಹತ್ತು ಮೀನು ಹಾಕಿ ಮತ್ತೆ ತೂಗಿ, ಮೊದಲಿನ ತೂಕ ಕಳೆದು ಹತ್ತರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಹಿಡಿಯಲೇಬೇಕಾದರೆ ಸೂಳೆಕೆರೆಯಲ್ಲಿ ನಾನು ನೋಡಿದ ಹಿರಿಯ ಮೀನುಗಾರರೊಬ್ಬರು ಮಾಡುತ್ತಿದ್ದಂತೆ, ಎರಡೂ ಕೈಗಳನ್ನು ಮೊಣಕೈವರೆಗೆ ಅದೇ ನೀರಿನಲ್ಲಿ ಅದ್ದಿ, ಮೀನನ್ನು ಹೊಟ್ಟೆಯ ಕೆಳಗಿನಿಂದ ಎತ್ತಿ.

ಮನೆಯಲ್ಲಿ ಗೋಲ್ಡ್ ಫಿಶ್ ಸಾಕುವವರಿಗೂ ಒಂದು ಮಾತು. ಗಂಡು ಮೀನಿನ ಕಿವಿರಿನ ಮುಚ್ಚಳದ ಮೇಲೂ ಎದೆಯ ರೆಕ್ಕೆಯ ಅಂಚಿನಲ್ಲೂ ಸಾಲಾಗಿ ಸಣ್ಣ ಬಿಳಿ ಗುಳ್ಳೆ ಎದ್ದರೆ ಅದು ಬಿಳಿಚುಕ್ಕೆ ರೋಗವಲ್ಲದಿರಬಹುದು. ಮರಿ ಮಾಡುವ ಕಾಲದಲ್ಲಿ ಮೂಡುವ ಕೆರಾಟಿನ್ ಗುಳ್ಳೆಗಳವು. ರೋಗದ ಚುಕ್ಕೆ ಬಾಲದ ಮೇಲೂ ಮೈಯೆಲ್ಲ ಹರಡಿಯೂ ಇರುತ್ತದೆ. ಇದನ್ನು ನೋಡದೆ ಔಷಧಿ ಸುರಿಯಬೇಡಿ.

ಅಣ್ಣನವರೇ, ಉಪ್ಪಿನ ತೊಟ್ಟಿಗೆ ಬಿಟ್ಟ ಮೂರನೆಯ ದಿನ ಮಚ್ಚೆಯ ಅಂಚಿನ ಫೋಟೋ ತೆಗೆದು ಇಲ್ಲಿ ಹಾಕಿ. ಅಂಚು ಹೊಳೆಯುತ್ತಾ ಒಳಕ್ಕೆ ಕೂಡಿಕೊಳ್ಳುತ್ತಿದ್ದರೆ ಹೊಸ ಮೇಲ್ಚರ್ಮ ಬರುತ್ತಿದೆ ಎಂದರ್ಥ. ಅಂಚಿನಲ್ಲಿ ಎಳೆ ಎಳೆಯಾಗಿ ನವಿರು ಕಂಡರೆ ಬೂಸ್ಟು ಹಿಡಿದಿದೆ, ಆಗ ಮುಂದೇನು ಮಾಡಬೇಕೆಂದು ತಿಳಿಸುತ್ತೇನೆ.