ಕಂಪ್ಯೂಟರ್ ಸೈನ್ಸ್ ಓದುವವರೂ ಅರ್ಜಿ ಹಾಕಬಹುದು

‘ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಅಲ್ಲಿನ ಮಾನವ ಹಕ್ಕುಗಳ ಕೇಂದ್ರದ ಕೆಲಸ ಕಾನೂನು ವಿದ್ಯಾರ್ಥಿಗಳಿಗೆ ಮಾತ್ರವಾ’ ಅಂತ ಕೇಳಿದ್ದೀರಿ. ಇಲ್ಲ. ಕೇಂದ್ರ ಇರುವುದು ಲಾ ಸ್ಕೂಲಿನಲ್ಲಿ, ನಿಜ. ಆದರೆ 2016ರಲ್ಲಿ ಶುರುವಾದ ಅದರ ತನಿಖಾ ಲ್ಯಾಬ್‌ನಲ್ಲಿ ಬೇರೆ ಬೇರೆ ವಿಷಯ ಓದುವ ಡಿಗ್ರಿ ವಿದ್ಯಾರ್ಥಿಗಳೂ ಇರುತ್ತಾರೆ.

ಕೆಲಸ ಏನು ಅಂದರೆ, ಯುದ್ಧ ಅಥವಾ ಗಲಭೆಯ ಜಾಗದಿಂದ ಯಾರೋ ಹಾಕಿದ ವಿಡಿಯೊ ನಿಜವಾ, ಎಲ್ಲಿ ಯಾವಾಗ ತೆಗೆದದ್ದು ಅಂತ ಪತ್ತೆ ಹಚ್ಚುವುದು. ಹಿಂದೆ ಕಾಣುವ ಗುಡ್ಡ, ನೀರಿನ ಟ್ಯಾಂಕು, ಅಂಗಡಿ ಬೋರ್ಡು ಇವನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಬೇಕು, ನೆರಳಿನ ಉದ್ದ ನೋಡಿ ಹೊತ್ತು ಅಂದಾಜು ಮಾಡಬೇಕು, ಆಮೇಲೆ ಪ್ರತಿ ಹೆಜ್ಜೆಯನ್ನೂ ಬರೆದಿಡಬೇಕು. ಕೋಡಿಂಗ್‌ಗಿಂತ ತಾಳ್ಮೆ ಜಾಸ್ತಿ ಬೇಕು.

ನಿಮಗೆ ಬರುವ ಭಾಷೆಗಳನ್ನೆಲ್ಲ ಅರ್ಜಿಯಲ್ಲಿ ಬರೆಯಿರಿ. ಕನ್ನಡ, ಹಿಂದಿ, ಉರ್ದು ಯಾವುದನ್ನೂ ಬಿಡಬೇಡಿ. ವಿಡಿಯೊದಲ್ಲಿ ಕೇಳುವ ಒಂದೇ ಮಾತಿನಿಂದ ಊರು ಗೊತ್ತಾಗುವುದುಂಟು. ಹಾಗೇ ಈ ಕೇಂದ್ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಜೊತೆ ಸೇರಿ 2020ರಲ್ಲಿ ತಂದ ಬರ್ಕ್ಲಿ ಪ್ರೋಟೊಕಾಲ್ ಅನ್ನುವ ಮಾರ್ಗದರ್ಶಿಯನ್ನು ಮೊದಲೇ ಓದಿಕೊಳ್ಳಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಡಿಜಿಟಲ್ ಸಾಕ್ಷ್ಯವನ್ನು ಕೋರ್ಟು ಒಪ್ಪಬೇಕಾದರೆ ಹೇಗೆ ಸಂಗ್ರಹಿಸಿ ಕಾಪಾಡಬೇಕು ಅನ್ನುವುದು ಅದರಲ್ಲಿದೆ.

ಒಂದು ಮಾತು ಮಾತ್ರ ಗಂಭೀರವಾಗಿ ತಗೊಳ್ಳಿ. ಹಿಂಸೆಯ ವಿಡಿಯೊ ದಿನವೂ ನೋಡಿದರೆ ಮನಸ್ಸಿಗೆ ನಿಜಕ್ಕೂ ಪೆಟ್ಟು ಬೀಳುತ್ತದೆ. ಸೌಂಡ್ ಆಫ್ ಮಾಡಿ ನೋಡಿ. ಮಲಗುವ ಮುಂಚೆ ಬೇಡವೇ ಬೇಡ. ಒಬ್ಬರೇ ಕೂತು ನೋಡುವುದೂ ಬೇಡ. ಭಾರ ಅನ್ನಿಸಿದ ದಿನವೇ ತಂಡದವರಿಗೆ ಹೇಳಿಬಿಡಿ.